ರೇಖೆ ಒಂದು, ಕಾರಣ ಹಲವು

ಒಬ್ಬರು: 2004ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ಕ್ರಿಸ್ಟೋಫರ್ ಹೋಮ್ಸ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಒಂದು ನಕ್ಷೆ ಪ್ರಕಟಿಸಿದರು. ಅದರ ಒಂದು ಅಕ್ಷದಲ್ಲಿ ಅತಿವಾಹಕದ ಅತಿದ್ರವ ಸಾಂದ್ರತೆ ಇದೆ, ಅಂದರೆ ರೋಧವಿಲ್ಲದೆ ಹರಿಯುವ ಎಲೆಕ್ಟ್ರಾನ್‌ಗಳ ಬಲ. ಇನ್ನೊಂದು ಅಕ್ಷದಲ್ಲಿ ಎರಡು ಸಂಖ್ಯೆಗಳ ಗುಣಲಬ್ಧ ಇದೆ: ವಸ್ತು ಅತಿವಾಹಕವಾಗುವ ಸಂಕ್ರಮಣ ತಾಪಮಾನ, ಮತ್ತು ಅದಕ್ಕಿಂತ ತುಸು ಮೇಲೆ, ಇನ್ನೂ ಮಾಮೂಲಿ ಲೋಹದಂತೆ ಇರುವಾಗಿನ ವಾಹಕತೆ. ತಾಮ್ರದ ಆಕ್ಸೈಡುಗಳು, ಅವುಗಳಲ್ಲಿ ಎಲೆಕ್ಟ್ರಾನ್ ಕಡಿಮೆ ಇರುವವು, ಹೆಚ್ಚು ಇರುವವು, ಪದರದ ಉದ್ದಕ್ಕೆ ಅಳೆದದ್ದು, ಪದರಕ್ಕೆ ಅಡ್ಡವಾಗಿ ಅಳೆದದ್ದು, ಜೊತೆಗೆ ಹಳೆಯ ಕಾಲದ ಸೀಸ ಮತ್ತು ನಯೋಬಿಯಂ, ಎಲ್ಲವೂ ಒಂದೇ ಸರಳರೇಖೆಯ ಅಕ್ಕಪಕ್ಕ ನಿಲ್ಲುತ್ತವೆ. ಇಷ್ಟು ಬೇರೆ ಬೇರೆ ವಸ್ತುಗಳು ಒಂದೇ ಸ್ಕೇಲಿಂಗ್ ನಿಯಮಕ್ಕೆ ತಲೆಬಾಗುತ್ತವೆ ಎಂದರೆ, ಅವುಗಳಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗುವ ಗುಟ್ಟೂ ಒಂದೇ ಎಂದು ತಿಳಿಯಬಾರದೇಕೆ?

ಇನ್ನೊಬ್ಬರು: ರೇಖೆಯನ್ನು ನಾನೂ ಒಪ್ಪುತ್ತೇನೆ, ಅದು ನಿಜವಾದ ಶೋಧ. ಆದರೆ ಅದು ಹೇಳುತ್ತಿರುವುದು ಎಲೆಕ್ಟ್ರಾನ್‌ಗಳು ಹೇಗೆ ಜೋಡಿಯಾದವು ಎಂಬುದನ್ನಲ್ಲ. ಜೋಡಿಯಾಗುವ ಮೊದಲು ಅವು ಎಷ್ಟು ಚದುರುತ್ತಿದ್ದವು ಎಂಬುದನ್ನು. ಅವ್ಯವಸ್ಥೆ ಮತ್ತು ಚದುರುವಿಕೆಯನ್ನು ನಾವು ನಿಯಮಕ್ಕೆ ಅಂಟಿದ ಕೊಳೆ ಎಂದು ಕಾಣುತ್ತೇವೆ. ಈ ನಿಯಮದ ಮಟ್ಟಿಗೆ ಅದು ತಲೆಕೆಳಗಾದ ನೋಟ. ಇಲ್ಲಿ ಚದುರುವಿಕೆಯೇ ನಿಯಮವನ್ನು ಹುಟ್ಟಿಸುತ್ತದೆ. ಅದನ್ನು ತೆಗೆದುಬಿಟ್ಟರೆ ಬಿಂದುಗಳು ರೇಖೆಯಿಂದ ಸರಿದುಹೋಗುತ್ತವೆ.

ಇದನ್ನು ತೋರಿಸಲು ದೊಡ್ಡ ಗಣಿತ ಬೇಡ. ಲೋಹವೊಂದರ ವಾಹಕತೆಯನ್ನು ಬೇರೆ ಬೇರೆ ಆವರ್ತನಗಳಲ್ಲಿ ಅಳೆದು ನಕ್ಷೆ ಬರೆಯಿರಿ. ಆ ವಕ್ರರೇಖೆಯ ಅಡಿಯ ಒಟ್ಟು ವಿಸ್ತೀರ್ಣವನ್ನು ಎಲೆಕ್ಟ್ರಾನ್‌ಗಳ ಸಂಖ್ಯೆ ಮತ್ತು ದ್ರವ್ಯರಾಶಿ ನಿರ್ಧರಿಸುತ್ತವೆ. ಚದುರುವಿಕೆ ಅದನ್ನು ಹೆಚ್ಚಿಸಲಾರದು, ತಗ್ಗಿಸಲಾರದು, ಹರಡಬಲ್ಲದು ಅಷ್ಟೆ. ಚದುರುವಿಕೆ ಕಡಿಮೆ ಇದ್ದರೆ ವಿಸ್ತೀರ್ಣವೆಲ್ಲ ಸೊನ್ನೆ ಆವರ್ತನದ ಬಳಿ ಎತ್ತರದ ಕಿರಿದಾದ ಶಿಖರವಾಗಿ ನಿಲ್ಲುತ್ತದೆ. ಹೆಚ್ಚಾದರೆ ತಗ್ಗಾಗಿ, ಅಗಲವಾಗಿ ಹರಡುತ್ತದೆ. ವಸ್ತು ಅತಿವಾಹಕವಾದಾಗ ಜೋಡಿಯನ್ನು ಒಡೆಯಲು ಕನಿಷ್ಠ ಇಷ್ಟು ಶಕ್ತಿ ಬೇಕು ಎಂಬ ಒಂದು ಅಂತರ ಏರ್ಪಡುತ್ತದೆ. ಆ ಅಂತರಕ್ಕಿಂತ ಕೆಳಗಿನ ಆವರ್ತನಗಳಲ್ಲಿ ವಾಹಕತೆಯ ವಿಸ್ತೀರ್ಣ ಮಾಯವಾಗುತ್ತದೆ, ಮತ್ತು ಮಾಯವಾದಷ್ಟೂ ಅತಿದ್ರವಕ್ಕೆ ಸೇರುತ್ತದೆ. 1950ರ ದಶಕದ ಕೊನೆಯಲ್ಲಿ ಫೆರೆಲ್, ಗ್ಲೋವರ್ ಮತ್ತು ಟಿಂಕಮ್ ಮುಂದಿಟ್ಟ ಮೊತ್ತದ ನಿಯಮ ಇದೇ. ಈಗ ಚದುರುವಿಕೆಯ ದರ ಶಕ್ತಿಯ ಅಂತರಕ್ಕಿಂತ ಬಹಳ ದೊಡ್ಡದು ಎಂದುಕೊಳ್ಳಿ. ಆಗ ಅಂತರದ ವ್ಯಾಪ್ತಿಯೊಳಗೆ ವಕ್ರರೇಖೆ ಬಹುಮಟ್ಟಿಗೆ ಸಮತಟ್ಟು. ಮಾಯವಾದ ವಿಸ್ತೀರ್ಣ ಸರಿಸುಮಾರು ಒಂದು ಆಯತ: ಎತ್ತರ ಮಾಮೂಲಿ ವಾಹಕತೆ, ಅಗಲ ಶಕ್ತಿಯ ಅಂತರ. ಬಾರ್ಡೀನ್, ಕೂಪರ್, ಶ್ರೀಫರ್ ಅವರ 1957ರ ಸಿದ್ಧಾಂತದಲ್ಲಿ ಆ ಅಗಲ ಸಂಕ್ರಮಣ ತಾಪಮಾನದ ಸುಮಾರು 3.53 ಪಟ್ಟು, ಬೋಲ್ಟ್ಸ್‌ಮನ್ ಸ್ಥಿರಾಂಕದ ಲೆಕ್ಕದಲ್ಲಿ. ಅಂದಮೇಲೆ ಅತಿದ್ರವ ಸಾಂದ್ರತೆ ವಾಹಕತೆ ಮತ್ತು ಸಂಕ್ರಮಣ ತಾಪಮಾನಗಳ ಗುಣಲಬ್ಧಕ್ಕೆ ಅನುಪಾತದಲ್ಲಿರಲೇಬೇಕು. ಹೋಮ್ಸ್ ರೇಖೆ ಇಲ್ಲೇ ಸಿಕ್ಕಿತು, ತಾಮ್ರದ ಆಕ್ಸೈಡಿನ ಸುದ್ದಿಯನ್ನೇ ಎತ್ತದೆ.

ಒಬ್ಬರು: ‘ಬಹಳ ದೊಡ್ಡದು’ ಎಂದುಕೊಳ್ಳಿ ಅಂದಿರಿ. ಹಾಗೆ ಅಂದುಕೊಳ್ಳಲು ಆಧಾರವೇನು? ಲೋಹವನ್ನು ಶುದ್ಧಗೊಳಿಸಲು ಜನ ಒಂದು ಶತಮಾನ ದುಡಿದಿದ್ದಾರೆ. 1911ರಲ್ಲಿ ಲೈಡನ್‌ನಲ್ಲಿ ಅತಿವಾಹಕತೆಯನ್ನು ಮೊದಲು ಕಂಡ ಕಮರ್ಲಿಂಗ್ ಒನ್ನೆಸ್ ಪಾದರಸವನ್ನು ಆರಿಸಿಕೊಂಡದ್ದೇ ಬಟ್ಟಿ ಇಳಿಸಿ ಅದನ್ನು ಚೆನ್ನಾಗಿ ಶುದ್ಧ ಮಾಡಬಹುದು ಎಂಬ ಕಾರಣಕ್ಕೆ.

ಇನ್ನೊಬ್ಬರು: ಹೌದು, ಆ ಶುದ್ಧಿ ಅಷ್ಟು ಮುಖ್ಯವಲ್ಲ ಎಂಬುದೂ ಮುಂದೆ ತಿಳಿಯಿತು. ಪಾದರಸದ ರೋಧ ಮಾಯವಾಗಲು ಶುದ್ಧಿ ಕಾರಣವಾಗಿರಲಿಲ್ಲ. ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಸಂಕ್ರಮಣ ತಾಪಮಾನ 10 ಕೆಲ್ವಿನ್ ಇರುವ ವಸ್ತುವಿನಲ್ಲಿ ಚದುರುವಿಕೆಯ ದರ ಮತ್ತು ಶಕ್ತಿಯ ಅಂತರ ಸಮನಾಗಬೇಕಾದರೆ ಎರಡು ಡಿಕ್ಕಿಗಳ ನಡುವೆ ಒಂದು ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ ಸುಮಾರು 0.2 ಭಾಗದಷ್ಟು ಬಿಡುವು ಇರಬೇಕು. ಸೆಕೆಂಡಿಗೆ 10 ಲಕ್ಷ ಮೀಟರ್ ವೇಗದ ಎಲೆಕ್ಟ್ರಾನ್ ಆ ಬಿಡುವಿನಲ್ಲಿ ಸುಮಾರು 200 ನ್ಯಾನೊಮೀಟರ್ ಸಾಗುತ್ತದೆ. ಕೆಲವೇ ನ್ಯಾನೊಮೀಟರ್ ದಪ್ಪದ ತೆಳುಪದರದಲ್ಲಿ, ಸಣ್ಣ ಹರಳುಕಣಗಳ ಗಡಿಗಳ ನಡುವೆ, ಮಿಶ್ರಲೋಹದಲ್ಲಿ ಎಲೆಕ್ಟ್ರಾನ್ ಅಷ್ಟು ದೂರ ಹೋಗುವುದೇ ಇಲ್ಲ. ಪ್ರಯೋಗಾಲಯದಲ್ಲಿ ನಾವು ಅಳೆಯುವ ಮಾದರಿಗಳಲ್ಲಿ ಬಹುಪಾಲು ಇಂಥವೇ.

ಇನ್ನು ಪ್ರಯೋಗದ ಸಾಕ್ಷಿಗೆ ಬರೋಣ. 1953ರಲ್ಲಿ ಕೇಂಬ್ರಿಡ್ಜ್‌ನ ಬ್ರಯನ್ ಪಿಪ್ಪರ್ಡ್ ತವರಕ್ಕೆ ಸ್ವಲ್ಪ ಇಂಡಿಯಂ ಬೆರೆಸಿ, ಕಾಂತಕ್ಷೇತ್ರ ಅತಿವಾಹಕದೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಅಳೆದರು. ನೂರಕ್ಕೆ ಮೂರರಷ್ಟು ಇಂಡಿಯಂ ಸೇರಿದಾಗ ಆ ಆಳ ಹೆಚ್ಚುಕಡಿಮೆ ಎರಡರಷ್ಟಾಯಿತು. ಅತಿದ್ರವ ಸಾಂದ್ರತೆ ಆ ಆಳದ ವರ್ಗಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ, ಆದ್ದರಿಂದ ಅದು ಸುಮಾರು ಕಾಲು ಭಾಗಕ್ಕೆ ಇಳಿಯಿತು. ಸಂಕ್ರಮಣ ತಾಪಮಾನ ಮಾತ್ರ ಹೆಚ್ಚೇನೂ ಅಲುಗಾಡಲಿಲ್ಲ. ಜೋಡಿ ಕಟ್ಟುವ ಬಲ ಹಾಗೆಯೇ ಉಳಿದು, ಜೋಡಿಗಳು ಒಟ್ಟಾಗಿ ಹರಿಯುವ ಬಲ ಕುಸಿದ ಈ ಸಂಗತಿಗೆ 1959ರಲ್ಲಿ ಫಿಲಿಪ್ ಆಂಡರ್ಸನ್ ಕಾರಣ ಕೊಟ್ಟರು. ಕಾಂತಗುಣವಿಲ್ಲದ ಕಲ್ಮಶ ಎಲೆಕ್ಟ್ರಾನಿನ ದಿಕ್ಕನ್ನು ಕೆಡಿಸುತ್ತದೆ, ಆದರೆ ಕಾಲವನ್ನು ಹಿಂದುಮುಂದು ಮಾಡಿದರೂ ನಿಲ್ಲುವ ಸಮಾನತೆಯನ್ನು ಕೆಡಿಸುವುದಿಲ್ಲ. ಹೀಗಾಗಿ ಪ್ರತಿ ಎಲೆಕ್ಟ್ರಾನ್ ಸ್ಥಿತಿಗೂ ಒಂದು ಪ್ರತಿಬಿಂಬ ಸಂಗಾತಿ ಉಳಿದೇ ಇರುತ್ತದೆ, ಜೋಡಿ ಉಳಿಯುತ್ತದೆ. ಕಲ್ಮಶಕ್ಕೆ ಕಾಂತಗುಣ ಇದ್ದರೆ ಈ ರಕ್ಷಣೆ ಇಲ್ಲ. ಅಬ್ರಿಕೊಸೊವ್ ಮತ್ತು ಗೋರ್ಕೊವ್ ಅದನ್ನು ಬೇಗನೆ ತೋರಿಸಿದರು. ಆದ್ದರಿಂದ ಸಾಧಾರಣ ಅತಿವಾಹಕದಲ್ಲಿ ಕಲ್ಮಶವನ್ನು ಹೆಚ್ಚಿಸುತ್ತ ಹೋದರೆ ವಾಹಕತೆ ಮತ್ತು ಅತಿದ್ರವ ಸಾಂದ್ರತೆ ಕೈಕೈ ಹಿಡಿದು ಇಳಿಯುತ್ತವೆ, ತಾಪಮಾನ ನಿಂತಲ್ಲೇ ನಿಲ್ಲುತ್ತದೆ. ನಕ್ಷೆಯಲ್ಲಿ ಬಿಂದು ರೇಖೆಯ ಗುಂಟವೇ ಕೆಳಗೆ ಜಾರುತ್ತದೆ.

ಒಬ್ಬರು: ಸೀಸಕ್ಕೂ ನಯೋಬಿಯಂಗೂ ಇದು ಸರಿಹೋಗಬಹುದು. ಆದರೆ ನಕ್ಷೆಯ ಜೀವಾಳ ತಾಮ್ರದ ಆಕ್ಸೈಡುಗಳು. ಕೆನಡದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಯಿಟ್ರಿಯಂ-ಬೇರಿಯಂ-ತಾಮ್ರ ಆಕ್ಸೈಡಿನ ಹರಳುಗಳು ಶುದ್ಧಿಗೆ ಹೆಸರಾದವು. ಅವುಗಳಲ್ಲಿ ಅವ್ಯವಸ್ಥೆ ಎಲ್ಲಿಂದ ಬಂತು? ಅದಲ್ಲದೆ ಅಲ್ಲಿನ ಜೋಡಿಗಳದ್ದು ಬೇರೆ ಬಗೆ, ಅವಕ್ಕೆ ಆಂಡರ್ಸನ್ ಕೊಟ್ಟ ರಕ್ಷಣೆಯೂ ಇಲ್ಲ. ತಾಮ್ರದ ಜಾಗದಲ್ಲಿ ಕಾಂತಗುಣವಿಲ್ಲದ ಸತುವನ್ನು ನೂರಕ್ಕೆ ಒಂದೆರಡು ಪಾಲು ಕೂರಿಸಿದರೂ ಸಂಕ್ರಮಣ ತಾಪಮಾನ ಬಿದ್ದುಹೋಗುತ್ತದೆ. ನಿಮ್ಮ ಆಯತದ ವಾದ ಅಲ್ಲಿ ನಿಲ್ಲಲಾರದು.

ಇನ್ನೊಬ್ಬರು: ನೀವು ಎತ್ತಿದ ಆಕ್ಷೇಪಗಳಲ್ಲಿ ಇದೇ ಬಲವಾದದ್ದು. ಆ ಹರಳುಗಳಲ್ಲಿ ಆಯತದ ವಾದ ನಿಲ್ಲುವುದಿಲ್ಲ ಎಂದು ಒಪ್ಪಿಯೇ ಉತ್ತರಿಸುತ್ತೇನೆ. ಅಲ್ಲಿ ಕೆಲಸ ಮಾಡುವುದು ಕಲ್ಮಶದ ಚದುರುವಿಕೆಯಲ್ಲ, ಎಲೆಕ್ಟ್ರಾನ್‌ಗಳು ಪರಸ್ಪರ ಡಿಕ್ಕಿಯಾಗುವ, ಶಕ್ತಿ ಹಂಚಿಕೊಳ್ಳುವ ಚದುರುವಿಕೆ. ಸಂಕ್ರಮಣ ತಾಪಮಾನದ ಮೇಲೆ ಅದರ ದರ ತಾಪಮಾನಕ್ಕೆ ನೇರ ಅನುಪಾತದಲ್ಲಿದೆ, ಮತ್ತು ಅದರ ಗಾತ್ರವನ್ನು ಪ್ಲಾಂಕ್ ಸ್ಥಿರಾಂಕ ಹಾಗೂ ತಾಪಮಾನ ಎರಡೇ ಸೇರಿ ಕೊಡುವ ಕಾಲಮಾನ ನಿಗದಿಪಡಿಸುವಂತೆ ಕಾಣುತ್ತದೆ. 100 ಕೆಲ್ವಿನ್‌ನಲ್ಲಿ ಆ ಕಾಲ ಸುಮಾರು 76 ಫೆಮ್ಟೊಸೆಕೆಂಡು. ಹೋಮ್ಸ್ ಲೇಖನ ಬಂದ ವರ್ಷವೇ ಲೈಡನ್‌ನ ಯಾನ್ ಜಾನೆನ್ ಈ ಅಂಶವನ್ನು ಎತ್ತಿ ತೋರಿಸಿದರು. ಈಗ ಲೆಕ್ಕ ನೋಡಿ. ಕಲ್ಮಶವಿಲ್ಲದ ಹರಳಿನಲ್ಲಿ ಎಲ್ಲ ಎಲೆಕ್ಟ್ರಾನ್‌ಗಳೂ ಅತಿದ್ರವಕ್ಕೆ ಸೇರುತ್ತವೆ. ಆಗ ಅತಿದ್ರವ ಸಾಂದ್ರತೆ ಎಂದರೆ ಮಾಮೂಲಿ ವಾಹಕತೆ ಮತ್ತು ಚದುರುವಿಕೆಯ ದರಗಳ ಗುಣಲಬ್ಧ. ಆ ದರ ಸಂಕ್ರಮಣ ತಾಪಮಾನಕ್ಕೆ ಅನುಪಾತದಲ್ಲಿದ್ದರೆ ಮತ್ತೆ ಅದೇ ಗುಣಲಬ್ಧ, ಅದೇ ರೇಖೆ. ಮೊದಲ ದಾರಿಯಲ್ಲಿ ತಾಪಮಾನ ಬಂದದ್ದು ಶಕ್ತಿಯ ಅಂತರದ ಮೂಲಕ; ಇಲ್ಲಿ ಡಿಕ್ಕಿಗಳ ದರದ ಮೂಲಕ. ನಕ್ಷೆಯ ಮೇಲಿನ ಬಿಂದು ಮಾತ್ರ ತಾನು ಯಾವ ದಾರಿಯಿಂದ ಬಂದೆ ಎಂದು ಹೇಳುವುದಿಲ್ಲ.

ಆ ಹರಳುಗಳಲ್ಲಿ ಚದುರುವಿಕೆ ಕಲ್ಮಶದ್ದಲ್ಲ ಎಂದು ಹೇಗೆ ಗೊತ್ತು ಎಂದು ಕೇಳುತ್ತೀರಿ. 1990ರ ದಶಕದ ಆರಂಭದಲ್ಲಿ ಡಗ್ಲಸ್ ಬಾನ್, ವಾಲ್ಟರ್ ಹಾರ್ಡಿ ಮತ್ತು ಸಂಗಡಿಗರು ಇದೇ ಹರಳುಗಳ ಮೇಲೆ ಮೈಕ್ರೋವೇವ್ ಅಳತೆ ಮಾಡಿದರು. ತಾಪಮಾನ ಸಂಕ್ರಮಣದ ಕೆಳಗೆ ಇಳಿಯುತ್ತಿದ್ದಂತೆ, ಜೋಡಿಯಾಗದೆ ಉಳಿದ ಎಲೆಕ್ಟ್ರಾನ್‌ಗಳ ಚದುರುವಿಕೆಯ ದರ ಥಟ್ಟನೆ ಕುಸಿಯಿತು, ವಾಹಕತೆ ಏರಿ ದೊಡ್ಡ ಉಬ್ಬು ಮೂಡಿತು. ಕಲ್ಮಶವೇ ಕಾರಣವಾಗಿದ್ದರೆ ದರ ಹೀಗೆ ಕುಸಿಯಬೇಕಿರಲಿಲ್ಲ, ಹರಳಿನಲ್ಲಿ ಕೂತ ಪರಮಾಣು ತಂಪಾದೊಡನೆ ಜಾಗ ಖಾಲಿ ಮಾಡುವುದಿಲ್ಲ. ಎಲೆಕ್ಟ್ರಾನ್‌ಗಳಿಂದಲೇ ಹುಟ್ಟಿದ ಚದುರುವಿಕೆ ಎಲೆಕ್ಟ್ರಾನ್‌ಗಳು ಜೋಡಿಗಟ್ಟಿದಾಗ ಮಾಯವಾಗುವುದು ಸಹಜ. ಈ ಕ್ಷೇತ್ರದ ಅತ್ಯಂತ ಸುಂದರ ಅಳತೆಗಳಲ್ಲಿ ಇದೊಂದು ಎಂದು ನಾನು ಭಾವಿಸುತ್ತೇನೆ: ಒಂದೇ ಹರಳಿನೊಳಗೆ ಎರಡು ಬಗೆಯ ಚದುರುವಿಕೆಯನ್ನು ಅದು ಬಿಡಿಸಿ ತೋರಿಸಿತು.

ಒಬ್ಬರು: ಪದರಗಳಿಗೆ ಅಡ್ಡವಾಗಿ ಅಳೆದ ಬಿಂದುಗಳ ಗತಿ? ಆ ದಿಕ್ಕಿನಲ್ಲಿ ಅದು ಲೋಹವೇ ಅಲ್ಲ.

ಇನ್ನೊಬ್ಬರು: ಅಲ್ಲಿ ಮೂರನೆಯ ದಾರಿ. ಪದರದಿಂದ ಪದರಕ್ಕೆ ಎಲೆಕ್ಟ್ರಾನ್ ಸುರಂಗ ದಾಟಿದಂತೆ ಹಾಯುತ್ತದೆ, ಪಕ್ಕಪಕ್ಕದ ಎರಡು ಪದರಗಳು ಒಂದು ಜೋಸೆಫ್ಸನ್ ಸಂಧಿಯಂತೆ ವರ್ತಿಸುತ್ತವೆ. ಅಂಥ ಸಂಧಿಯಲ್ಲಿ ರೋಧವಿಲ್ಲದೆ ಹರಿಯಬಲ್ಲ ಗರಿಷ್ಠ ಪ್ರವಾಹವನ್ನು ಮಾಮೂಲಿ ರೋಧದಿಂದ ಗುಣಿಸಿದರೆ ಶಕ್ತಿಯ ಅಂತರ ಸಿಗುತ್ತದೆ ಎಂದು ಅಂಬೆಗಾವ್ಕರ್ ಮತ್ತು ಬರಾಟಾಫ್ 1963ರಲ್ಲೇ ತೋರಿಸಿದ್ದರು. ಅದನ್ನು ತಿರುಗಿಸಿ ಬರೆದರೆ ಮತ್ತದೇ ಗುಣಲಬ್ಧ.

ಒಬ್ಬರು: ಹಾಗಾದರೆ ನೀವು ನಿಯಮವನ್ನು ಉಳಿಸಿದಂತೆ ಮಾಡಿ ಬರಿದು ಮಾಡಿದಿರಿ. ಯಾವ ದಾರಿಯಿಂದ ಹೋದರೂ ಅದೇ ಊರು ಎಂದಾದರೆ, ಊರು ತಲುಪಿದ್ದರಿಂದ ತಿಳಿಯುವುದೇನು? ಇಲ್ಲವೇ ನನ್ನ ಮಾತೇ ಸರಿ ಇರಬಹುದು: ಮೂರು ದಾರಿಗಳೂ ಕೂಡುತ್ತವೆ ಎಂದರೆ ಅವುಗಳ ಕೆಳಗೆ ನಮಗೆ ಕಾಣದ ಒಂದು ಆಳವಾದ ತತ್ವ ಇದೆ.

ಇನ್ನೊಬ್ಬರು: ಮೂರು ದಾರಿಗಳಿಗೂ ಸಾಮಾನ್ಯವಾದ ಒಂದು ಅಂಶ ಇದೆ, ಅದು ಗುಟ್ಟೇನಲ್ಲ. ಮೂರರಲ್ಲೂ ಮಾಮೂಲಿ ಸ್ಥಿತಿಯ ವಾಹಕತೆಯನ್ನು ಅತಿದ್ರವಕ್ಕೆ ಜೋಡಿಸುವ ಶಕ್ತಿಯ ಅಳತೆ ಸಂಕ್ರಮಣ ತಾಪಮಾನವೊಂದೇ. ಆ ತಾಪಮಾನದಷ್ಟು ಶಕ್ತಿ ಅಥವಾ ಅದಕ್ಕಿಂತ ಹೆಚ್ಚಿನ ಚದುರುವಿಕೆ ಇದ್ದಲ್ಲೆಲ್ಲ ಬೇರೆ ಯಾವ ಅಳತೆಯೂ ತಲೆಹಾಕುವುದಿಲ್ಲ, ಆದ್ದರಿಂದ ಆಯಾಮಗಳ ಲೆಕ್ಕವೇ ಉತ್ತರವನ್ನು ಬಹುಪಾಲು ಹೇಳಿಬಿಡುತ್ತದೆ. ಉಳಿಯುವುದು ಒಂದು ಶುದ್ಧ ಸಂಖ್ಯೆ. ಅದು ದಾರಿಯಿಂದ ದಾರಿಗೆ ಬದಲಾಗುತ್ತದೆ, ಆದರೆ ಹತ್ತು ಪಟ್ಟು ಬದಲಾಗುವುದಿಲ್ಲ. ಹೋಮ್ಸ್ ನಕ್ಷೆ ಬರೆದಿರುವುದು ಎರಡು ಅಕ್ಷಗಳಲ್ಲೂ ಲಾಗರಿದಮ್ ಬಳಸಿ, ಸುಮಾರು ಐದು ದಶಘಾತಗಳ ವ್ಯಾಪ್ತಿಯಲ್ಲಿ. ಅಂಥ ಹಾಳೆಯ ಮೇಲೆ ಎರಡು ಪಟ್ಟಿನ ವ್ಯತ್ಯಾಸ ಒಂದು ಚುಕ್ಕೆಯ ಅಗಲಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಕಣ್ಣಿಗೆ ರೇಖೆ ಕಾಣುತ್ತದೆ, ದಾರಿಗಳ ವ್ಯತ್ಯಾಸ ಕಾಣುವುದಿಲ್ಲ.

ನಿಯಮ ಬರಿದಾಯಿತು ಎಂಬುದನ್ನೂ ಒಪ್ಪಲಾರೆ, ಏಕೆಂದರೆ ಅದು ಸುಳ್ಳಾಗಬೇಕಾದ ಜಾಗ ಎಲ್ಲಿದೆ ಎಂದು ಈಗ ನಮಗೆ ಗೊತ್ತು. ಕಲ್ಮಶವೂ ಕಡಿಮೆ, ಎಲೆಕ್ಟ್ರಾನ್‌ಗಳ ಪರಸ್ಪರ ಡಿಕ್ಕಿಯೂ ಕಡಿಮೆ ಇರುವ ಲೋಹವನ್ನು ತೆಗೆದುಕೊಳ್ಳಿ. ಅದನ್ನು ಇನ್ನೂ ಶುದ್ಧ ಮಾಡಿದಂತೆ ವಾಹಕತೆ ಏರುತ್ತಲೇ ಹೋಗುತ್ತದೆ. ಅತಿದ್ರವ ಸಾಂದ್ರತೆ ಏರಲಾರದು, ಇದ್ದ ಎಲೆಕ್ಟ್ರಾನ್‌ಗಳೆಲ್ಲ ಆಗಲೇ ಸೇರಿಬಿಟ್ಟಿರುತ್ತವೆ. ಬಿಂದು ರೇಖೆಯನ್ನು ಬಿಟ್ಟು ಬದಿಗೆ ಸರಿಯಬೇಕು. ಏಮ್ಸ್ ಪ್ರಯೋಗಾಲಯದ ಕೋಗನ್ 2013ರಲ್ಲಿ 1957ರ ಹಳೆಯ ಸಿದ್ಧಾಂತದೊಳಗೇ ಚದುರುವಿಕೆಯನ್ನು ಸೇರಿಸಿ ಲೆಕ್ಕ ಹಾಕಿ, ಕೊಳೆಯಾದ ತುದಿಯಲ್ಲಿ ಈ ಅನುಪಾತ ತಾನಾಗಿ ಬರುತ್ತದೆ ಎಂದು ತೋರಿಸಿದರು. ಜೋಡಿ ಕಟ್ಟುವ ಕ್ರಮದ ಬಗ್ಗೆ ಅವರಿಗೆ ಹೊಸದೇನನ್ನೂ ಊಹಿಸಬೇಕಾಗಲಿಲ್ಲ.

ಒಬ್ಬರು: ನನಗೆ ಒಂದು ಆತಂಕ ಇದೆ. ಅವ್ಯವಸ್ಥೆ ಎಂಬುದು ಎಲ್ಲ ಬೀಗಕ್ಕೂ ಕೀಲಿಯಾಗಿಬಿಡಬಹುದು. ಅಳತೆ ಸಿದ್ಧಾಂತಕ್ಕೆ ಹೊಂದದಿದ್ದಾಗಲೆಲ್ಲ ‘ಮಾದರಿ ಕೊಳೆ’ ಎಂದುಬಿಡಬಹುದು. 2016ರಲ್ಲಿ ಬ್ರೂಕ್‌ಹೇವನ್‌ನ ಇವಾನ್ ಬೊಝೊವಿಚ್ ತಂಡ ಲ್ಯಾಂಥನಂ-ಸ್ಟ್ರಾನ್ಷಿಯಂ-ತಾಮ್ರ ಆಕ್ಸೈಡಿನ ಎರಡು ಸಾವಿರಕ್ಕೂ ಹೆಚ್ಚು ತೆಳುಪದರಗಳನ್ನು ಪರಮಾಣು ಪದರದ ಮೇಲೆ ಪದರ ಇಟ್ಟು ಬೆಳೆಸಿ ಅಳೆಯಿತು. ಎಲೆಕ್ಟ್ರಾನ್ ಕೊರತೆಯ ಕಡೆ ಹೆಚ್ಚು ಸಾಗಿದಷ್ಟೂ, ಆ ಕೊರತೆಯೇ ವಾಹಕವಾದ್ದರಿಂದ ವಾಹಕಗಳು ಹೆಚ್ಚುತ್ತಿದ್ದರೂ ಅತಿದ್ರವ ಸಾಂದ್ರತೆ ಇಳಿಯುತ್ತಾ ಹೋಯಿತು, ಅದರ ಜೊತೆ ಸಂಕ್ರಮಣ ತಾಪಮಾನವೂ ಬಹುಮಟ್ಟಿಗೆ ನೇರವಾಗಿ ಇಳಿಯಿತು. 1989ರಲ್ಲಿ ಉಎಮುರಾ ಮ್ಯೂಆನ್ ಪ್ರಯೋಗಗಳಿಂದ ವಾಹಕಗಳು ಕಡಿಮೆ ಇರುವ ಇನ್ನೊಂದು ತುದಿಯ ವಸ್ತುಗಳಲ್ಲಿ ಕಂಡ ಅನುಪಾತವನ್ನು ಇದು ನೆನಪಿಸುತ್ತದೆ. ಈ ಪದರಗಳು ಕೊಳೆಯಲ್ಲ ಎಂದೇ ಬೊಝೊವಿಚ್ ತಂಡದ ವಾದ.

ಇನ್ನೊಬ್ಬರು: ನಿಮ್ಮ ಆತಂಕ ನ್ಯಾಯವಾದದ್ದು, ಆದ್ದರಿಂದಲೇ ಈ ಉದಾಹರಣೆಯಲ್ಲಿ ಸ್ವಲ್ಪ ನಿಲ್ಲೋಣ. ಈ ವಸ್ತುವಿನಲ್ಲಿ ವಾಹಕಗಳನ್ನು ಸೇರಿಸುವುದು ಲ್ಯಾಂಥನಂ ಜಾಗದಲ್ಲಿ ಸ್ಟ್ರಾನ್ಷಿಯಂ ಕೂರಿಸಿ. ಆ ಪರಮಾಣುಗಳು ಎಲ್ಲೆಲ್ಲೋ ಕೂರುತ್ತವೆ. ಬೆಳೆಸುವ ಕೈ ಎಷ್ಟೇ ನಿಪುಣವಾದರೂ, ವಾಹಕ ಬೇಕೆಂದರೆ ಅವ್ಯವಸ್ಥೆಯನ್ನೂ ಒಪ್ಪಿಕೊಳ್ಳಲೇಬೇಕು. 2017ರಲ್ಲಿ ಕೆನಡದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಲೀ-ಹೋನ್, ಡಾಡ್ಜ್ ಮತ್ತು ಬ್ರೌನ್, ತಾಮ್ರದ ಪದರದ ಹೊರಗೆ ಕೂತ ಇಂಥ ಪರಮಾಣುಗಳಿಂದಾಗುವ ದುರ್ಬಲ ಚದುರುವಿಕೆಯನ್ನು ಲೆಕ್ಕಕ್ಕೆ ತಂದರೆ ಬೊಝೊವಿಚ್ ಅಳತೆಗಳನ್ನು ಬಹುಮಟ್ಟಿಗೆ ವಿವರಿಸಬಹುದು ಎಂದು ತೋರಿಸಿದರು. ಜೋಡಿಗಳಿಗೆ ಆಂಡರ್ಸನ್ ರಕ್ಷಣೆ ಇಲ್ಲದ ಕಾರಣ ಚದುರುವಿಕೆ ಅಲ್ಲಿ ಎರಡು ಏಟು ಕೊಡುತ್ತದೆ: ತಾಪಮಾನವನ್ನೂ ಇಳಿಸುತ್ತದೆ, ಅತಿದ್ರವವನ್ನೂ ಇಳಿಸುತ್ತದೆ. ಎರಡೂ ಒಟ್ಟಿಗೆ ಇಳಿದಾಗ ನಕ್ಷೆಯಲ್ಲಿ ಅನುಪಾತ ಕಾಣುತ್ತದೆ.

ಈ ವಿವರಣೆ ಎಲ್ಲ ಬೀಗಕ್ಕೂ ಕೀಲಿ ಅಲ್ಲ, ಏಕೆಂದರೆ ಅದು ಒಂದು ನಿರ್ದಿಷ್ಟ ಭವಿಷ್ಯ ನುಡಿಯುತ್ತದೆ. ಅತಿದ್ರವಕ್ಕೆ ಸೇರದ ಎಲೆಕ್ಟ್ರಾನ್‌ಗಳು ಎಲ್ಲೂ ಮಾಯವಾಗುವಂತಿಲ್ಲ. ಅತ್ಯಂತ ಕಡಿಮೆ ತಾಪಮಾನದಲ್ಲೂ ಅವು ಮಾಮೂಲಿ ಲೋಹದ ಎಲೆಕ್ಟ್ರಾನ್‌ಗಳಂತೆ ವಾಹಕತೆಯ ವಕ್ರರೇಖೆಯಲ್ಲಿ ಉಳಿದಿರಬೇಕು. 2019ರಲ್ಲಿ ಮಹಮೂದ್, ಆರ್ಮಿಟೇಜ್ ಮತ್ತು ಬೊಝೊವಿಚ್ ಸೇರಿ ಇದೇ ಬಗೆಯ ಪದರಗಳ ಮೇಲೆ ಟೆರಾಹರ್ಟ್ಸ್ ಅಳತೆ ಮಾಡಿದಾಗ ಅವು ಅಲ್ಲಿ ಸಿಕ್ಕವು, ಗಣನೀಯ ಪ್ರಮಾಣದಲ್ಲಿ. ಆದರೆ ಪೂರ್ತಿ ಗೆಲುವನ್ನು ನನ್ನ ಪಕ್ಷಕ್ಕೆ ಬರೆದುಕೊಳ್ಳುವುದಿಲ್ಲ. ಅತಿದ್ರವ ಸಾಂದ್ರತೆ ತಾಪಮಾನದೊಡನೆ ನೇರವಾಗಿ ಬದಲಾಗುವುದನ್ನೂ ಇಷ್ಟು ಎಲೆಕ್ಟ್ರಾನ್‌ಗಳು ಹೊರಗುಳಿಯುವುದನ್ನೂ ಒಟ್ಟಿಗೆ ಕಲ್ಮಶದ ಸಿದ್ಧಾಂತ ವಿವರಿಸಲಾರದು ಎಂದು ಆ ಲೇಖಕರೇ ವಾದಿಸಿದರು. ವಿವರಿಸಬಲ್ಲದು ಎಂದು ಸೈಮನ್ ಫ್ರೇಸರ್ ತಂಡ ಬೇರೆ ಲೆಕ್ಕಗಳಿಂದ ಉತ್ತರಿಸಿತು. ನನ್ನ ತೂಕ ಚದುರುವಿಕೆಯ ಕಡೆಗಿದೆ, ಏಕೆಂದರೆ ಉಳಿಕೆ ಎಲೆಕ್ಟ್ರಾನ್‌ಗಳು ಕಣ್ಣಿಗೆ ಬಿದ್ದಿವೆ. ಆದರೂ ವಾದ ಮುಗಿದಿಲ್ಲ.

ಒಬ್ಬರು: ಕಲ್ಮಶವನ್ನು ಹೆಚ್ಚಿಸುತ್ತಲೇ ಹೋದರೆ? ರೇಖೆಯ ಗುಂಟ ಸೊನ್ನೆಯವರೆಗೂ ಜಾರಬಹುದೆ?

ಇನ್ನೊಬ್ಬರು: ಇಲ್ಲ, ಆ ತುದಿಯಲ್ಲೂ ರೇಖೆ ಮುರಿಯುತ್ತದೆ. ಅದರ ಬಗ್ಗೆ ನಮ್ಮ ದೇಶದ ಕೆಲಸ ಮುಖ್ಯವಾದದ್ದು. ಅವ್ಯವಸ್ಥೆ ಮಿತಿಮೀರಿದಾಗ ಎಲೆಕ್ಟ್ರಾನ್ ಒಂದೆಡೆ ಸಿಕ್ಕಿಬೀಳುತ್ತದೆ ಎಂಬ ಆಂಡರ್ಸನ್ ಕಲ್ಪನೆಗೆ 1979ರಲ್ಲಿ ಸ್ಕೇಲಿಂಗ್ ಸಿದ್ಧಾಂತದ ರೂಪ ಕೊಟ್ಟ ನಾಲ್ವರಲ್ಲಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಕಲಿಸಿದ ಟಿ. ವಿ. ರಾಮಕೃಷ್ಣನ್ ಒಬ್ಬರು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಪ್ರತಾಪ್ ರಾಯ್‌ಚೌಧುರಿ ತಂಡ ನಯೋಬಿಯಂ ನೈಟ್ರೈಡ್ ಪದರಗಳಲ್ಲಿ ಅವ್ಯವಸ್ಥೆಯನ್ನು ಹಂತಹಂತವಾಗಿ ಏರಿಸಿ, ಸುಮಾರು 16 ಕೆಲ್ವಿನ್ ಇದ್ದ ಸಂಕ್ರಮಣ ತಾಪಮಾನವನ್ನು ಇಳಿಸುತ್ತ ಹೋಯಿತು. ಮೊದಲ ಹಂತಗಳಲ್ಲಿ ಅತಿದ್ರವ ಸಾಂದ್ರತೆ ಹಳೆಯ ಸಿದ್ಧಾಂತದ ಅಂದಾಜಿಗೆ ಹೊಂದಿತು. ತಾಪಮಾನ ಸುಮಾರು 6 ಕೆಲ್ವಿನ್‌ಗಿಂತ ಕೆಳಗಿಳಿದ ಪದರಗಳಲ್ಲಿ ಅಂದಾಜಿಗಿಂತ ಕಡಿಮೆಯಾಯಿತು, ರೋಧ ಮರಳಿ ಬಂದ ಮೇಲೂ ಶಕ್ತಿಯ ಅಂತರದ ಗುರುತು ಉಳಿಯಿತು. ಅಂದರೆ ಜೋಡಿಗಳಿವೆ, ಒಟ್ಟಾಗಿ ಹರಿಯುವ ಹೊಂದಾಣಿಕೆ ಇಲ್ಲ. ತಾಮ್ರದ ಆಕ್ಸೈಡುಗಳಲ್ಲಿ ವಿಚಿತ್ರ ಎನಿಸಿಕೊಂಡ ಈ ಲಕ್ಷಣ ತೀರಾ ಸಾಧಾರಣ ಅತಿವಾಹಕದಲ್ಲಿ ಅವ್ಯವಸ್ಥೆಯಿಂದ ಮೂಡಿತು.

ಆದ್ದರಿಂದ ಈ ನಕ್ಷೆಯನ್ನು ತರಗತಿಯಲ್ಲಿ ತೋರಿಸುವವರಲ್ಲಿ, ಹೊಸ ವಸ್ತುವಿನ ಬಿಂದುವನ್ನು ಅದರ ಮೇಲೆ ಇಡುವ ಕಿರಿಯ ಸಂಶೋಧಕರಲ್ಲಿ ನನ್ನದೊಂದು ಕೋರಿಕೆ. ಬಿಂದುವಿನ ಜೊತೆ ಚದುರುವಿಕೆಯ ದರವನ್ನೂ ಶಕ್ತಿಯ ಅಂತರವನ್ನೂ ಬರೆಯಿರಿ, ಅತಿದ್ರವಕ್ಕೆ ಸೇರದೆ ಉಳಿದ ಪಾಲು ಎಷ್ಟು ಎಂದು ಅಳೆಯಿರಿ, ಒಂದೇ ವಸ್ತುವಿನ ಶುದ್ಧ ಮಾದರಿಯನ್ನೂ ಕೊಳೆ ಮಾದರಿಯನ್ನೂ ಒಂದೇ ಹಾಳೆಯಲ್ಲಿಡಿ. ರೇಖೆಯಿಂದ ಸರಿದ ಬಿಂದುವನ್ನು ಕೈಬಿಡಬೇಡಿ. ಅದನ್ನೇ ಮೊದಲು ಪ್ರಕಟಿಸಿ.